ದೇವರನ್ನು ನಂಬದೆ ದೇವರ ಆಜ್ಞೆ ಪಾಲಿಸುವವರು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಇಸ್ರೇಲ್ ಆಫೀಸಿನ ಸಹೋದ್ಯೋಗಿಯೊಬ್ಬರು ಒಂದು ತಿಂಗಳು ಇಲ್ಲಿ ಬಂದು ಇದ್ದರು. ಹಂದಿ ಮಾಂಸ, ಸೀಗಡಿ ಮುಟ್ಟುತ್ತಿರಲಿಲ್ಲ. ಚಿಕನ್ ತಿಂದ ಹೊತ್ತಿನಲ್ಲಿ ಮೊಸರು ಬೇಡ ಎನ್ನುತ್ತಿದ್ದರು. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಫೋನೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ‘ನಿಮಗೆ ದೇವರ ಮೇಲೆ ತುಂಬಾ ಭಕ್ತಿ ಅಲ್ವಾ?’ ಎಂದು ಕೇಳಿದೆ. ‘ದೇವರಾ? ಇಲ್ಲ ಅಂತಲೇ ನನಗೆ ಅನಿಸುವುದು’ ಎಂದು ನಕ್ಕರು. ದೇವರನ್ನೇ ನಂಬದ ಮೇಲೆ ದೇವರ ಆಜ್ಞೆ ಪಾಲಿಸುವುದು ಬೂಟಾಟಿಕೆ ಅಲ್ವಾ? ಯಹೂದಿ ಧರ್ಮದಲ್ಲಿ ನಂಬಿಕೆ ಬೇಕೇ ಬೇಕು ಅಂತ ಇಲ್ವಾ?

ಉತ್ತರ: ‘ಬೂಟಾಟಿಕೆ’ ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. ಬೂಟಾಟಿಕೆಯವರು ಒಳಗಿಲ್ಲದ ಭಕ್ತಿಯನ್ನು ಹೊರಗೆ ತೋರಿಸುತ್ತಾರೆ. ನಿಮ್ಮ ಸಹೋದ್ಯೋಗಿ ಮಾಡಿದ್ದು ಅದರ ಉಲ್ಟಾ. ನೀವು ಕೇಳಿದ ತಕ್ಷಣ ಒಳಗಿದ್ದದ್ದನ್ನು ಹೇಳಿಬಿಟ್ಟರು.

ಎರಡನೆಯ ಪ್ರಶ್ನೆ ಮಾತ್ರ ಗಟ್ಟಿ ಪ್ರಶ್ನೆ. ಅದಕ್ಕೆ ರೆಡಿಮೇಡ್ ಉತ್ತರ ಒಂದು ಎಲ್ಲೆಡೆ ಸಿಗುತ್ತದೆ: ‘ಕ್ರೈಸ್ತ ಧರ್ಮ ನಂಬಿಕೆಯದ್ದು, ಯಹೂದಿ ಧರ್ಮ ಆಚರಣೆಯದ್ದು. ಅಲ್ಲಿ ನೀವು ಏನು ನಂಬುತ್ತೀರಿ ಅಂತ ಯಾರೂ ಕೇಳುವುದಿಲ್ಲ.’ ಈ ವಿಷಯ ಓದಲು ಶುರು ಮಾಡಿದ ದಿನಗಳಲ್ಲಿ ನಾನೂ ಇದನ್ನೇ ಹೇಳಿಕೊಂಡು ಓಡಾಡುತ್ತಿದ್ದೆ. ಅದು ಅರ್ಧ ಸರಿ. ಆಜ್ಞೆ ಎಂದ ಮೇಲೆ ಆಜ್ಞೆ ಕೊಟ್ಟವರೊಬ್ಬರು ಇರಬೇಕಲ್ಲ. ಕೊಟ್ಟವರನ್ನು ತೆಗೆದುಬಿಟ್ಟರೆ ಉಳಿಯುವುದು ಪದ್ಧತಿ. ಈ ಗಂಟು ಯಹೂದಿ ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ಬಿಡಿಸಲು ಹೋಗಿ ಇನ್ನಷ್ಟು ಬಿಗಿ ಮಾಡಿಕೊಂಡ ಕಥೆಯೇ ನಿಮ್ಮ ಪ್ರಶ್ನೆಗೆ ಉತ್ತರ.

ಮೂರು ಹೀಬ್ರೂ ಪದಗಳು ಗೊತ್ತಿದ್ದರೆ ಮುಂದಿನದು ಸುಲಭ. ‘ಮಿಟ್ಸ್ವಾ’ ಎಂದರೆ ಆಜ್ಞೆ, ಅಪ್ಪಣೆ. ಈಚೆಗೆ ಜನ ಒಳ್ಳೆಯ ಕೆಲಸಕ್ಕೆಲ್ಲ ಮಿಟ್ಸ್ವಾ ಅನ್ನುತ್ತಾರೆ. ಆದರೆ ಪದದ ಬೇರು ಅಪ್ಪಣೆ ಕೊಡುವುದೇ. ‘ಹಲಖಾ’ ಎಂದರೆ ಯಹೂದಿ ಧರ್ಮದ ಕಟ್ಟಳೆಗಳ ಒಟ್ಟು ವ್ಯವಸ್ಥೆ. ಅದು ‘ನಡೆ’ ಎಂಬ ಕ್ರಿಯಾಪದದಿಂದ ಬಂದದ್ದು. ಕಾಲಿನಿಂದ ನಡೆಯುವುದೂ ನಡೆ, ಬದುಕುವ ರೀತಿಯೂ ನಡೆ. ‘ನಡೆನುಡಿ’ ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ‘ಎಮುನಾ’. ಇದನ್ನು ಎಲ್ಲರೂ ‘ನಂಬಿಕೆ’ ಎಂದು ಅನುವಾದಿಸುತ್ತಾರೆ. ಬೈಬಲಿನ ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಯಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರಿಗೆ ಅಮಾಲೇಕ್ಯರೆಂಬ ಶತ್ರುಗಳ ಜೊತೆ ಯುದ್ಧ ನಡೆಯುತ್ತದೆ. ಅವರ ನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿರುತ್ತಾನೆ. ಕೈ ಮೇಲಿದ್ದಾಗ ಇಸ್ರಾಯೇಲ್ಯರು ಗೆಲ್ಲುತ್ತಾರೆ, ಇಳಿದರೆ ಸೋಲುತ್ತಾರೆ. ಕೈ ಸೋತು ಬರುತ್ತದೆ. ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಆಗ ಸೂರ್ಯ ಮುಳುಗುವವರೆಗೂ ಅವನ ಕೈಗಳು ‘ಎಮುನಾ’ ಆಗಿದ್ದವು ಎನ್ನುತ್ತದೆ ಮೂಲ ಹೀಬ್ರೂ. ಅಂದರೆ ಅಲುಗಾಡದೆ ನಿಂತಿದ್ದವು. ‘ಆಮೆನ್’ ಕೂಡ ಇದೇ ಬೇರಿನ ಪದ. ‘ಅವನ ಮೇಲೆ ನನಗೆ ನಂಬಿಕೆ ಇದೆ’ ಎಂದರೆ ಅವನು ಇದ್ದಾನೆ ಎಂದು ನಂಬುತ್ತೇನೆ ಅಂತ ಅರ್ಥವಲ್ಲ, ಅವನು ಕೈಬಿಡುವವನಲ್ಲ ಅಂತ. ‘ನಂಬಿಕಸ್ಥ’ ಎಂಬ ಮಾತಿನಲ್ಲಿರುವ ನಂಬಿಕೆ ಅದು. ಹಳೆಯ ಎಮುನಾ ಇದಕ್ಕೆ ಹತ್ತಿರ. ‘ದೇವರಿದ್ದಾನೆಯೇ ಇಲ್ಲವೇ’ ಎಂಬ ಪ್ರಶ್ನೆ ಬೈಬಲಿನ ಜನರನ್ನು ಅಷ್ಟಾಗಿ ಕಾಡಿದ್ದಲ್ಲ. ಯಾವ ದೇವರ ಮಾತು ಕೇಳುತ್ತೀರಿ ಎಂಬುದು ಅವರ ಜಗಳ. ಮೋಶೆಯ ಆ ಕೈಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

ಈಗ ಗಂಟಿಗೆ ಬರೋಣ. ಸೀನಾಯಿ ಬೆಟ್ಟದ ಮೇಲೆ ದೇವರು ಹೇಳಿದ ಹತ್ತು ಮಾತುಗಳಲ್ಲಿ (ಟೆನ್ ಕಮಾಂಡ್‌ಮೆಂಟ್ಸ್) ಮೊದಲನೆಯದು ಹೀಗಿದೆ: ‘ನಾನೇ ನಿನ್ನ ದೇವರು, ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ನಿನ್ನನ್ನು ಬಿಡಿಸಿ ತಂದವನು.’ ಇದರಲ್ಲಿ ಆಜ್ಞೆ ಎಲ್ಲಿದೆ? ಮಾಡು ಅಂತಲೂ ಇಲ್ಲ, ಮಾಡಬೇಡ ಅಂತಲೂ ಇಲ್ಲ. ಇದು ಬರೀ ಪರಿಚಯ ಹೇಳಿಕೊಂಡ ಹಾಗಿದೆ. ತೋರಾದಲ್ಲಿ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿ, 613 ಮಿಟ್ಸ್ವಾಗಳಿವೆ ಎಂದು ತಾಲ್ಮುದ್‌ನಲ್ಲಿ ರಬ್ಬಿ ಸಿಮ್ಲಾಯ್ ಹೇಳುತ್ತಾರೆ. (ರಬ್ಬಿ ಎಂದರೆ ಯಹೂದಿ ಧರ್ಮಗುರು. ತಾಲ್ಮುದ್ ಎಂದರೆ ಹಳೆಯ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹ.) ಬೇಡ ಎನ್ನುವವು 365, ವರ್ಷದ ದಿನಗಳಷ್ಟು. ಮಾಡು ಎನ್ನುವವು 248, ಮೈಯ ಅಂಗಗಳಷ್ಟು. ಆದರೆ ಪಟ್ಟಿ ಕೊಡಲಿಲ್ಲ. ಮುಂದೆ ಪಟ್ಟಿ ಮಾಡಲು ಕೂತವರಿಗೆ ಮೊದಲ ಸಾಲಿನಲ್ಲೇ ತಕರಾರು ಶುರುವಾಯಿತು. ‘ದೇವರನ್ನು ನಂಬು’ ಎಂಬುದು 613ರಲ್ಲಿ ಒಂದೇ, ಅಲ್ಲವೇ?

ಹೌದು ಎಂದವರು ಮೈಮೊನಿಡೀಸ್. 1138ರಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡವರು. ವೈದ್ಯರು, ತತ್ವಜ್ಞಾನಿ, ಕಾನೂನು ಪಂಡಿತರು. ಅವರ ಪಟ್ಟಿಯಲ್ಲಿ ಮೊದಲ ಮಿಟ್ಸ್ವಾ ಇದೇ. ತಮ್ಮ ದೊಡ್ಡ ಕಾನೂನು ಗ್ರಂಥವನ್ನು ಅವರು ಶುರು ಮಾಡುವುದೂ ಹೀಗೆಯೇ: ತಳಹದಿಗಳ ತಳಹದಿ, ಜ್ಞಾನಗಳ ಕಂಬ ಯಾವುದೆಂದರೆ ಮೊದಲ ಅಸ್ತಿತ್ವವೊಂದು ಇದೆ ಎಂದು ತಿಳಿಯುವುದು. (ಹೀಬ್ರೂವಿನಲ್ಲಿ ಆ ವಾಕ್ಯದ ಮೊದಲ ನಾಲ್ಕು ಪದಗಳ ಮೊದಲಕ್ಷರ ಸೇರಿಸಿದರೆ ದೇವರ ಹೆಸರಾಗುತ್ತದೆ. ಅಂಥ ಕುಸುರಿ ಅವರಿಗೆ ಇಷ್ಟ.) ಗಮನಿಸಿ, ಅಲ್ಲಿರುವ ಪದ ‘ತಿಳಿ’. ಕಣ್ಣುಮುಚ್ಚಿ ನಂಬು ಎಂದು ಅವರು ಹೇಳುತ್ತಿಲ್ಲ. ಯೋಚನೆ ಮಾಡಿ ತಿಳಿದುಕೋ, ಅದು ನಿನ್ನ ಕರ್ತವ್ಯ ಎನ್ನುತ್ತಿದ್ದಾರೆ.

ಇನ್ನೂ ಮುಂದೆ ಹೋಗಿ, ತಾಲ್ಮುದ್‌ಗೆ ಬುನಾದಿಯಾದ ಹಳೆಯ ಕಟ್ಟಳೆ ಸಂಗ್ರಹ ಮಿಶ್ನಾಕ್ಕೆ ಬರೆದ ವ್ಯಾಖ್ಯಾನದಲ್ಲಿ ಹದಿಮೂರು ತತ್ವಗಳನ್ನು ಪಟ್ಟಿ ಮಾಡಿದರು. ದೇವರಿದ್ದಾನೆ, ಒಬ್ಬನೇ, ದೇಹವಿಲ್ಲದವನು, ತೋರಾ ಅವನಿಂದ ಬಂದದ್ದು, ಸತ್ತವರು ಏಳುತ್ತಾರೆ, ಹೀಗೆ. ಆಮೇಲೆ ಹೇಳಿದ್ದು ಇವತ್ತಿಗೂ ಖಾರ. ಆಸೆಗೆ ಬಿದ್ದು ಎಷ್ಟೇ ತಪ್ಪು ಮಾಡಿದವನಾದರೂ ಈ ತತ್ವಗಳನ್ನು ಒಪ್ಪಿದರೆ ಅವನು ಇಸ್ರಾಯೇಲಿನವನೇ. ಶಿಕ್ಷೆ ಇದ್ದರೂ ಒಳಗಿನವನು. ಇವುಗಳಲ್ಲಿ ಒಂದನ್ನು ಅಲ್ಲಗಳೆದರೂ ಅವನು ಹೊರಗಿನವನು. ‘ಯಹೂದಿ ಧರ್ಮದಲ್ಲಿ ನಂಬಿಕೆ ಲೆಕ್ಕಕ್ಕಿಲ್ಲ’ ಎನ್ನುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ.

ಅಲ್ಲ ಎಂದವರೂ ಇದ್ದರು. ಮೈಮೊನಿಡೀಸ್‌ಗಿಂತ ಮೊದಲು, 9ನೇ ಶತಮಾನದ ಬಾಬಿಲೋನಿಯಾದ ಪಟ್ಟಿಯೊಂದು ಇದನ್ನು ಎಣಿಸಿಯೇ ಇರಲಿಲ್ಲ. ಯಾಕೆ ಎಂದು ವಿವರಿಸಿದವರು 13ನೇ ಶತಮಾನದ ಸ್ಪೇನಿನ ರಬ್ಬಿ ನಖ್ಮನಿಡೀಸ್. ಅವರು ಹಳೆಯ ಉಪಮೆಯೊಂದನ್ನು ತೆಗೆದುಕೊಳ್ಳುತ್ತಾರೆ. ರಾಜನೊಬ್ಬ ಒಂದು ಸೀಮೆಗೆ ಬಂದ. ‘ನಮಗೆ ಕಟ್ಟಳೆ ಹಾಕಿಕೊಡು’ ಎಂದರು ಜನ. ‘ಈಗ ಬೇಡ. ಮೊದಲು ನನ್ನನ್ನು ರಾಜ ಅಂತ ಒಪ್ಪಿಕೊಳ್ಳಿ. ರಾಜನನ್ನೇ ಒಪ್ಪದವರು ಕಟ್ಟಳೆ ಹೇಗೆ ಒಪ್ಪುತ್ತೀರಿ?’ ಎಂದ ರಾಜ. ಈ ದಾರಿಯಲ್ಲಿ ನೋಡಿದರೆ ಮೊದಲ ಮಾತು ಆಜ್ಞೆಗಳ ಪಟ್ಟಿಯಲ್ಲಿ ಬರುವಂಥದ್ದಲ್ಲ. ಪಟ್ಟಿ ನಿಂತಿರುವುದೇ ಅದರ ಮೇಲೆ. (ನಖ್ಮನಿಡೀಸ್ ಸ್ವತಃ ಕೊನೆಗೆ ಎಣಿಸುವವರ ಕಡೆಗೇ ವಾಲುತ್ತಾರೆ. ಬೇರೆಯವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಒಪ್ಪದೆ ಇರುವುದು ಅವರ ಅಭ್ಯಾಸ.)

ಕೊನೆಯ ಏಟು ಹಾಕಿದವರು ಸ್ಪೇನಿನ ಯಹೂದಿ ತತ್ವಜ್ಞಾನಿ ಹಸ್ದಾಯ್ ಕ್ರೆಸ್ಕಾಸ್. ಅವರ ತರ್ಕ ಚಾಕುವಿನ ಹಾಗಿದೆ. ‘ನಾನಿದ್ದೇನೆ ಎಂದು ನಂಬು’ ಎಂದು ದೇವರು ಆಜ್ಞೆ ಮಾಡಿದ ಅಂದುಕೊಳ್ಳಿ. ನಾನು ಮೊದಲೇ ನಂಬಿದ್ದರೆ ಆ ಆಜ್ಞೆ ಬೇಕಾಗಿಲ್ಲ. ನಂಬಿಲ್ಲದಿದ್ದರೆ ಅದು ಯಾರ ಆಜ್ಞೆ ಅಂತ ಪಾಲಿಸಲಿ? ಅಷ್ಟೇ ಅಲ್ಲ, ನಂಬುವುದು ನಮ್ಮ ಇಚ್ಛೆಗೆ ಬಿಟ್ಟ ವಿಷಯವೂ ಅಲ್ಲ. ಕೈ ಎತ್ತು ಎಂದರೆ ಎತ್ತಬಹುದು. ನಂಬು ಎಂದರೆ ಮನಸ್ಸು ನಂಬಿಬಿಡುತ್ತದೆಯೇ? ಕ್ರೆಸ್ಕಾಸ್ ಇದನ್ನು ಬರೆದು ಮುಗಿಸಿದ್ದು 1410ರಲ್ಲಿ. ಅದಕ್ಕೆ ಹತ್ತೊಂಬತ್ತು ವರ್ಷ ಮೊದಲು, 1391ರಲ್ಲಿ, ಸ್ಪೇನಿನ ಊರೂರುಗಳಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಿತ್ತು. ಸಾವಿರಾರು ಜನರಿಗೆ ಬಲವಂತವಾಗಿ ದೀಕ್ಷಾಸ್ನಾನ ಮಾಡಿಸಿದರು. ಬಾರ್ಸಿಲೋನಾದಲ್ಲಿ ಅವರ ಮಗ ಸತ್ತ. ಮನಸ್ಸಿಗೆ ಆಜ್ಞೆ ಮಾಡಲಾಗದು ಎಂಬ ಮಾತು ಅವರಿಗೆ ಬರೀ ತರ್ಕವಾಗಿತ್ತು ಎಂದು ನನಗೆ ಅನಿಸುವುದಿಲ್ಲ. ಇದು ನನ್ನ ಊಹೆ. ಅವರು ಹಾಗೆ ಬರೆದಿಲ್ಲ.

ಇಷ್ಟೆಲ್ಲ ಜಗಳದಲ್ಲೂ ಎರಡೂ ಕಡೆಯವರು ಒಪ್ಪಿದ್ದು ಒಂದಿದೆ. ಆಜ್ಞೆ ನಿಲ್ಲಬೇಕಾದರೆ ಅದರ ಕೆಳಗೆ ಆಜ್ಞೆ ಕೊಟ್ಟವನು ಇರಬೇಕು. ದಿನಾ ಎರಡು ಹೊತ್ತು ಹೇಳುವ ‘ಶೆಮಾ’ ಪ್ರಾರ್ಥನೆಯ ಜೋಡಣೆಯೇ ಹೀಗಿದೆ. ಮೊದಲು ‘ಕೇಳು ಇಸ್ರಾಯೇಲೇ, ದೇವರು ಒಬ್ಬನೇ, ಅವನನ್ನು ಪೂರ್ಣ ಹೃದಯದಿಂದ ಪ್ರೀತಿಸು’ ಎಂಬ ಭಾಗ. ಆಮೇಲೆ ‘ನನ್ನ ಆಜ್ಞೆಗಳನ್ನು ಪಾಲಿಸಿದರೆ ಮಳೆ ಬೆಳೆ ಕೊಡುತ್ತೇನೆ’ ಎಂಬ ಭಾಗ. ಯಾಕೆ ಈ ಕ್ರಮ ಎಂದು ಮಿಶ್ನಾ ಕೇಳುತ್ತದೆ. ಮೊದಲು ಸ್ವರ್ಗರಾಜ್ಯದ ನೊಗ ಹೊರಲಿ, ಆಮೇಲೆ ಮಿಟ್ಸ್ವಾಗಳ ನೊಗ ಹೊರಲಿ ಅಂತ, ಎಂದು ರಬ್ಬಿ ಯೆಹೋಶುವ ಬೆನ್ ಕೋರ್ಖಾ ಉತ್ತರ ಕೊಡುತ್ತಾರೆ. ನೊಗ ಎಂಬ ಪದವನ್ನು ಗಮನಿಸಿ. ಅದು ತಲೆಯೊಳಗೆ ಇರುವ ವಸ್ತುವಲ್ಲ. ಹೆಗಲ ಮೇಲೆ ಕೂರುವಂಥದ್ದು.

ಹಾಗಾದರೆ ‘ಯಹೂದಿ ಧರ್ಮ ಆಚರಣೆಯ ಧರ್ಮ’ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೂ ಗಟ್ಟಿ ಆಧಾರ ಇದೆ. ಸೀನಾಯಿಯಲ್ಲಿ ಜನ ಹೇಳಿದ ಮಾತು ‘ಮಾಡುತ್ತೇವೆ, ಕೇಳುತ್ತೇವೆ’. ಮೊದಲು ಮಾಡುವುದು, ಆಮೇಲೆ ಕೇಳಿ ಅರ್ಥ ಮಾಡಿಕೊಳ್ಳುವುದು. ತಾಲ್ಮುದ್‌ನಲ್ಲಿ ಇದರ ಬಗ್ಗೆ ಒಂದು ಪ್ರಸಂಗ ಬರುತ್ತದೆ. ರಾವಾ ಎಂಬ ಪಂಡಿತ ಓದಿನಲ್ಲಿ ಎಷ್ಟು ಮುಳುಗಿದ್ದನೆಂದರೆ, ಕಾಲ ಕೆಳಗೆ ಬೆರಳು ಸಿಕ್ಕಿ ರಕ್ತ ಬರುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ನೋಡುತ್ತಿದ್ದ ಬೇರೆ ಪಂಥದವನೊಬ್ಬ, ‘ನಿಮ್ಮದು ಆತುರಗೇಡಿ ಜನ. ಅವತ್ತು ಕಿವಿಗಿಂತ ಮೊದಲು ಬಾಯಿ ಬಿಟ್ಟಿರಿ, ಇವತ್ತಿಗೂ ಹಾಗೇ ಇದ್ದೀರಿ. ಏನಿದೆ ಅಂತ ಕೇಳಿ, ಆಗುತ್ತದೆ ಅನಿಸಿದರೆ ಒಪ್ಪಬೇಕಿತ್ತು’ ಎಂದು ಹಂಗಿಸಿದ. ರಾವಾ ಕೊಟ್ಟ ಉತ್ತರದ ತಿರುಳು ಇಷ್ಟು: ನಾವು ಕಪಟವಿಲ್ಲದೆ ನಡೆದವರು. ನಮ್ಮಿಂದ ಆಗದ ಭಾರವನ್ನು ಅವನು ಹೊರಿಸುವುದಿಲ್ಲ ಎಂದು ವ್ಯಾಖ್ಯಾನಕಾರ ರಾಶಿ ಅದನ್ನು ಬಿಡಿಸುತ್ತಾರೆ. ನೋಡಿ, ‘ಮೊದಲು ಮಾಡು’ ಎಂಬ ಈ ಪ್ರಸಿದ್ಧ ಮಾತಿನ ಅಡಿಯಲ್ಲೂ ಎಮುನಾ ಕೂತಿದೆ. ವಾದದ ಎಮುನಾ ಅಲ್ಲ, ನಂಬಿಕಸ್ಥನ ಮೇಲಿನ ಎಮುನಾ.

ಇನ್ನೂ ದಿಟ್ಟವಾದ ಸಾಲು ಬೇಕೇ? ಪ್ರವಾದಿ ಯೆರೆಮೀಯನ ಪುಸ್ತಕದಲ್ಲಿ ದೇವರು ‘ನನ್ನನ್ನು ಬಿಟ್ಟುಬಿಟ್ಟರು, ನನ್ನ ತೋರಾವನ್ನೂ ಪಾಲಿಸಲಿಲ್ಲ’ ಎಂದು ದೂರುತ್ತಾನೆ. ಹಳೆಯ ರಬ್ಬಿಗಳು ಇದನ್ನು ಹೀಗೆ ಓದಿದರು: ‘ನನ್ನನ್ನು ಬಿಟ್ಟಿದ್ದರೂ ಪರವಾಗಿರಲಿಲ್ಲ, ನನ್ನ ತೋರಾವನ್ನು ಉಳಿಸಿಕೊಂಡಿದ್ದರೆ ಸಾಕಿತ್ತು.’ ದೇವರ ಬಾಯಲ್ಲೇ ಈ ಮಾತು! ನಾಸ್ತಿಕ ಯಹೂದಿಗಳಿಗೆ ಈ ಸಾಲು ಬಹಳ ಪ್ರಿಯ. ಆದರೆ ಮುಂದಿನ ಸಾಲನ್ನು ಅವರು ಹೇಳುವುದು ಕಡಿಮೆ. ತೋರಾದ ಜೊತೆ ಒಡನಾಟ ಇಟ್ಟುಕೊಂಡಿದ್ದರೆ ಅದರೊಳಗಿನ ಹುಳಿ ಅವರನ್ನು ನನ್ನ ಹತ್ತಿರ ವಾಪಸ್ ತರುತ್ತಿತ್ತು, ಎನ್ನುತ್ತದೆ ಅದು. ಕೆಲವು ಪಾಠಗಳಲ್ಲಿ ಹುಳಿಯ ಬದಲು ಬೆಳಕು ಎಂದಿದೆ. ನನಗೆ ಹುಳಿಯೇ ಇಷ್ಟ. ರಾತ್ರಿ ಹಿಟ್ಟು ಕಲಸಿಟ್ಟರೆ ಬೆಳಿಗ್ಗೆ ತಾನೇ ಉಬ್ಬಿ ಬಂದಿರುತ್ತದಲ್ಲ, ಹಾಗೆ. ಬೇರೆ ಉದ್ದೇಶಕ್ಕೇ ಆದರೂ ಮಿಟ್ಸ್ವಾ ಮಾಡುತ್ತಿರಲಿ, ಮಾಡುತ್ತಾ ಮಾಡುತ್ತಾ ಸರಿಯಾದ ಉದ್ದೇಶ ಬರುತ್ತದೆ ಎಂದು ತಾಲ್ಮುದ್‌ನ ಇನ್ನೊಂದು ಮಾತು. 13ನೇ ಶತಮಾನದ ಸ್ಪೇನಿನ ಹೆಸರಿಲ್ಲದ ಲೇಖಕರೊಬ್ಬರು ಇದನ್ನು ಸೂತ್ರವನ್ನಾಗಿಯೇ ಮಾಡಿದರು: ಕೈ ಮಾಡಿದ ಕಡೆಗೆ ಮನಸ್ಸು ಹೋಗುತ್ತದೆ.

ಈಗ ನಿಮ್ಮ ಸಹೋದ್ಯೋಗಿಯ ವಿಷಯಕ್ಕೆ ನೇರವಾಗಿ ತಾಗುವ ಪ್ರಶ್ನೆ. ನಂಬಿಕೆ ಇಲ್ಲದೆ ಮಾಡಿದ್ದು ಮಿಟ್ಸ್ವಾ ಆಗುತ್ತದೆಯೇ? ಹಲಖಾದಲ್ಲಿ ಇದು ‘ಮನಸ್ಸಿಟ್ಟು ಮಾಡಬೇಕೇ’ ಎಂಬ ಚರ್ಚೆಯಾಗಿ ಬರುತ್ತದೆ. ಹೊಸ ವರ್ಷದ ಹಬ್ಬದಲ್ಲಿ ಟಗರಿನ ಕೊಂಬು, ಅಂದರೆ ಶೋಫಾರ್, ಊದುವುದನ್ನು ಕೇಳಬೇಕು. ಒಬ್ಬಾತ ಪ್ರಾರ್ಥನಾ ಮಂದಿರದ ಹಿಂದೆ ಹಾದು ಹೋಗುತ್ತಿದ್ದ, ಕೊಂಬಿನ ಸದ್ದು ಕಿವಿಗೆ ಬಿತ್ತು. ಆಜ್ಞೆ ಪಾಲಿಸಿದ ಹಾಗಾಯಿತೇ? ಮನಸ್ಸಿಟ್ಟು ಕೇಳಿದ್ದರೆ ಆಯಿತು, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ ಮಿಶ್ನಾ. ಅದರ ಮುಂದಿನ ಸಾಲಿನಲ್ಲೇ ಮೋಶೆಯ ಕೈಗಳು ವಾಪಸ್ ಬರುತ್ತವೆ! ‘ಮೋಶೆಯ ಕೈಗಳು ಯುದ್ಧ ಗೆಲ್ಲಿಸಿದವೇ?’ ಎಂದು ಮಿಶ್ನಾ ಕೇಳುತ್ತದೆ. ಇಲ್ಲ. ಜನ ಮೇಲೆ ನೋಡಿ, ಸ್ವರ್ಗದಲ್ಲಿರುವ ತಂದೆಗೆ ಮನಸ್ಸು ಕೊಟ್ಟಾಗ ಗೆದ್ದರು, ಕೊಡದಿದ್ದಾಗ ಸೋತರು. ಅಂದರೆ ಕೈ ಎತ್ತಿದ್ದು ಮನಸ್ಸು ಎತ್ತಲಿ ಅಂತ.

ಆದರೆ ತಾಲ್ಮುದ್ ಅಷ್ಟಕ್ಕೆ ಬಿಡುವುದಿಲ್ಲ. ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಾಸ್ಕ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿ ತಿನ್ನಬೇಕು. ಪರ್ಷಿಯನ್ನರು ಒಬ್ಬನನ್ನು ಹಿಡಿದು ಬಲವಂತವಾಗಿ ಆ ರೊಟ್ಟಿ ತಿನ್ನಿಸಿದರು ಅನ್ನಿ. ಆಜ್ಞೆ ಪಾಲಿಸಿದ ಹಾಗಾಯಿತೇ? ಆಯಿತು ಎನ್ನುತ್ತದೆ ಒಂದು ಮತ. ಹೊಟ್ಟೆಗೆ ಹೋಯಿತಲ್ಲ! ಶತಮಾನಗಳ ಹಗ್ಗಜಗ್ಗಾಟದ ಮೇಲೆ, 16ನೇ ಶತಮಾನದಲ್ಲಿ ಸಫೇದ್ ಊರಿನ ಯೋಸೆಫ್ ಕಾರೊ ತಮ್ಮ ಕಾನೂನು ಸಂಗ್ರಹದಲ್ಲಿ ಮನಸ್ಸು ಬೇಕು ಎಂದೇ ತೀರ್ಮಾನ ಬರೆದರು. ಹಾಗೆ ನೋಡಿದರೆ ‘ದೇವರಿಲ್ಲ’ ಎನ್ನುವವರು ಶನಿವಾರದ ವಿಶ್ರಾಂತಿ ದಿನಕ್ಕೆಂದು ಶುಕ್ರವಾರ ಸಂಜೆ ಹಚ್ಚಿದ ದೀಪಕ್ಕೆ ಕಟ್ಟುನಿಟ್ಟಿನ ರಬ್ಬಿ ಪೂರ್ತಿ ಅಂಕ ಕೊಡುವುದು ಕಷ್ಟ. ಹಂದಿ ಮಾಂಸದ ವಿಷಯದಲ್ಲಂತೂ ಹಳೆಯ ರಬ್ಬಿ ಎಲಾಜಾರ್ ಬೆನ್ ಅಜರ್ಯಾ ಅವರದೆಂದು ಹೇಳುವ ಮಾತೇ ಇದೆ: ‘ನನಗೆ ಅದು ಸೇರುವುದಿಲ್ಲ ಅನ್ನಬೇಡಿ. ಸೇರುತ್ತದೆ, ಆದರೆ ಏನು ಮಾಡಲಿ, ಸ್ವರ್ಗದಲ್ಲಿರುವ ನನ್ನ ತಂದೆ ಬೇಡ ಅಂದಿದ್ದಾನೆ ಅನ್ನಿ.’ ಬಿಡುವುದು ಮುಖ್ಯವಲ್ಲ, ಯಾರ ಮಾತಿಗೆ ಬಿಟ್ಟಿರಿ ಎಂಬುದು ಮುಖ್ಯ.

ಇದಕ್ಕೊಂದು ಸುಂದರ ಅಪವಾದ ಇದೆ. ನಿಮ್ಮ ಜೇಬಿನಿಂದ ಒಂದು ನಾಣ್ಯ ಬಿತ್ತು, ನಿಮಗೆ ಗೊತ್ತೇ ಆಗಲಿಲ್ಲ. ಬಡವನೊಬ್ಬನಿಗೆ ಸಿಕ್ಕಿತು, ಅವನ ಹೊಟ್ಟೆ ತುಂಬಿತು. ಅದಕ್ಕಾಗಿ ನಿಮಗೆ ಆಶೀರ್ವಾದ ಉಂಟು ಎನ್ನುತ್ತಾರೆ ರಾಶಿ. ಮನಸ್ಸೂ ಇಲ್ಲ, ಅರಿವೂ ಇಲ್ಲ. ಆದರೂ ಲೆಕ್ಕಕ್ಕೆ ಬಂತು. ಹಸಿದವನಿಗೆ ಕೊಟ್ಟವರ ದೇವತಾಶಾಸ್ತ್ರ ಕಟ್ಟಿಕೊಂಡು ಏನಾಗಬೇಕು?

ಈ ಇಡೀ ವಿಷಯದಲ್ಲಿ ನನ್ನನ್ನು ಬಿಡದೆ ಹಿಡಿದುಕೊಂಡಿರುವುದು ಯಾವ ವಾದವೂ ಅಲ್ಲ, ಒಬ್ಬ ವ್ಯಕ್ತಿ. ಎಲಿಷಾ ಬೆನ್ ಅಬೂಯಾ. 2ನೇ ಶತಮಾನದ ದೊಡ್ಡ ಪಂಡಿತ, ಆಮೇಲೆ ಧರ್ಮಭ್ರಷ್ಟ. ತಾಲ್ಮುದ್ ಅವನನ್ನು ಹೆಚ್ಚಾಗಿ ಹೆಸರಿನಿಂದ ಕರೆಯದೆ ‘ಅಖೇರ್’, ಅಂದರೆ ‘ಬೇರೆಯವನು’ ಎನ್ನುತ್ತದೆ. ಅವನು ಯಾಕೆ ಕೆಟ್ಟ ಎಂಬುದಕ್ಕೆ ಹಲವು ಕಥೆಗಳಿವೆ. ಒಂದು ಹೀಗೆ. ತೋರಾದಲ್ಲಿ ‘ಇದನ್ನು ಮಾಡಿದರೆ ದೀರ್ಘಾಯುಸ್ಸು’ ಎಂದು ಸ್ಪಷ್ಟವಾಗಿ ಹೇಳಿರುವ ಆಜ್ಞೆಗಳಲ್ಲಿ ಎರಡು ಇವು: ತಂದೆತಾಯಿಯನ್ನು ಗೌರವಿಸು, ಮತ್ತು ಗೂಡಿನಿಂದ ಮರಿ ತೆಗೆಯುವ ಮೊದಲು ತಾಯಿಹಕ್ಕಿಯನ್ನು ಹಾರಲು ಬಿಡು. ಒಬ್ಬ ತಂದೆ ಮಗನಿಗೆ ‘ಮರ ಹತ್ತಿ ಮರಿಗಳನ್ನು ತಾ’ ಎಂದ. ಮಗ ಹತ್ತಿದ, ತಾಯಿಹಕ್ಕಿಯನ್ನು ಬಿಟ್ಟ, ಮರಿಗಳನ್ನು ತೆಗೆದುಕೊಂಡ. ಒಂದೇ ಹೊತ್ತಿಗೆ ಎರಡೂ ಆಜ್ಞೆ ಪಾಲಿಸಿದ. ಇಳಿಯುವಾಗ ಬಿದ್ದು ಸತ್ತ. ಎಲಿಷಾ ಇಂಥದ್ದನ್ನು ಕಣ್ಣಾರೆ ನೋಡಿದ, ಅಲ್ಲಿಗೆ ಮುಗಿಯಿತು. ಇದಕ್ಕೆ ಉತ್ತರ ಹೇಳಿದವನು ಯಾರು ಗೊತ್ತಾ? ಅವನ ಮಗಳ ಮಗ, ರಬ್ಬಿ ಯಾಕೋವ್. ಮಿಟ್ಸ್ವಾಗಳ ಪ್ರತಿಫಲ ಈ ಲೋಕದಲ್ಲಿ ಇಲ್ಲ ಎಂದ ಮೊಮ್ಮಗ. ಅಜ್ಜ ಆ ಮಾತನ್ನು ಹೀಗೆ ಓದಿದ್ದರೆ ದಾರಿ ತಪ್ಪುತ್ತಿರಲಿಲ್ಲ ಎನ್ನುತ್ತದೆ ತಾಲ್ಮುದ್. ನನಗೆ ಆ ಉತ್ತರ ಅಷ್ಟು ಸಮಾಧಾನ ಕೊಡುವುದಿಲ್ಲ. ತಾಲ್ಮುದ್ ಪಂಡಿತರಿಗೂ ಪೂರ್ತಿ ಸಮಾಧಾನ ಆದಂತಿಲ್ಲ, ಎಲಿಷಾನ ಬಗ್ಗೆ ಮಾತಾಡುವುದನ್ನು ಅವರು ನಿಲ್ಲಿಸಲೇ ಇಲ್ಲ.

ಇನ್ನೊಂದು ಚಿತ್ರ. ಶಬ್ಬಾತ್ ದಿನ, ಅಂದರೆ ಶನಿವಾರ, ಎಲಿಷಾ ಕುದುರೆ ಏರಿ ಹೋಗುತ್ತಿದ್ದಾನೆ. ಆ ದಿನ ಕುದುರೆ ಏರುವುದು ನಿಷಿದ್ಧ. ಹಿಂದೆ ನಡೆದು ಬರುತ್ತಿರುವವನು ಅವನ ಶಿಷ್ಯ ರಬ್ಬಿ ಮೇಯಿರ್. ಭ್ರಷ್ಟ ಗುರುವಿನ ಬಾಯಿಂದಲೇ ತೋರಾ ಕಲಿಯುತ್ತಿದ್ದಾನೆ. ಸ್ವಲ್ಪ ದೂರ ಹೋದ ಮೇಲೆ ಎಲಿಷಾ ನಿಲ್ಲಿಸಿ, ‘ಮೇಯಿರ್, ವಾಪಸ್ ಹೋಗು. ಕುದುರೆಯ ಹೆಜ್ಜೆ ಎಣಿಸಿಕೊಂಡು ಬಂದಿದ್ದೇನೆ. ಶಬ್ಬಾತ್ ದಿನ ನಡೆಯಬಹುದಾದ ಮಿತಿ ಇಲ್ಲಿಗೆ ಮುಗಿಯಿತು’ ಎನ್ನುತ್ತಾನೆ. ಆ ಮಿತಿ 2000 ಮೊಳ, ಹೆಚ್ಚುಕಡಿಮೆ 1 ಕಿಲೋಮೀಟರ್. ‘ನೀನೂ ವಾಪಸ್ ಬಾ’ ಎನ್ನುತ್ತಾನೆ ಮೇಯಿರ್. ‘ನನಗೆ ಬಾಗಿಲು ಮುಚ್ಚಿದೆ’ ಎಂಬರ್ಥದ ಉತ್ತರ ಬರುತ್ತದೆ. ತಾನು ಮುರಿಯುತ್ತಿರುವ ಆಜ್ಞೆಯ ಗಡಿಯನ್ನು ಹೆಜ್ಜೆ ಹೆಜ್ಜೆಗೂ ಎಣಿಸುತ್ತಿದ್ದವನು ಅವನು. ಅವನೊಳಗೆ ನಂಬಿಕೆ ಇರಲಿಲ್ಲವೇ? ಹೇಳಿ ನೋಡೋಣ.

ಆಧುನಿಕ ಕಾಲದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 18ನೇ ಶತಮಾನದ ಬರ್ಲಿನ್‌ನಲ್ಲಿ ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್, ಯಹೂದಿಗಳಿಗೆ ದೇವರು ಕೊಟ್ಟದ್ದು ಕಾನೂನು, ನಂಬಿಕೆಯ ಪಟ್ಟಿ ಅಲ್ಲ ಎಂದು 1783ರಲ್ಲಿ ಬರೆದರು. ‘ನಂಬು’ ಎಂಬ ಆಜ್ಞೆಯೇ ಇಲ್ಲ, ‘ಮಾಡು, ಮಾಡಬೇಡ’ ಅಷ್ಟೇ. ನಾನು ಮೊದಲು ಹೇಳಿದ ರೆಡಿಮೇಡ್ ಉತ್ತರದ ದೊಡ್ಡ ಮೂಲ ಇದು. ಆದರೆ ದೇವರಿದ್ದಾನೆಂಬುದು ಬುದ್ಧಿಗೇ ಗೊತ್ತಾಗುತ್ತದೆ, ಅದಕ್ಕೆ ಆಜ್ಞೆ ಬೇಕಿಲ್ಲ ಎಂಬ ಧೈರ್ಯದಲ್ಲಿ ಅವರು ಹಾಗೆ ಹೇಳಿದ್ದು. ಆ ಧೈರ್ಯ ಹೋದ ಮೇಲೂ ಉತ್ತರ ಮಾತ್ರ ಉಳಿದುಕೊಂಡಿತು. 1885ರಲ್ಲಿ ಅಮೆರಿಕದ ಸುಧಾರಣಾವಾದಿ ರಬ್ಬಿಗಳು ಪಿಟ್ಸ್‌ಬರ್ಗ್‌ನಲ್ಲಿ ಸೇರಿ ನೈತಿಕ ಕಟ್ಟಳೆಗಳು ಮಾತ್ರ ಸಾಕು ಎಂದರು. ದೇವರು ಉಳಿದ, ಊಟದ ನಿಯಮ ಹೋಯಿತು. 20ನೇ ಶತಮಾನದಲ್ಲಿ ಅಮೆರಿಕದ ರಬ್ಬಿ ಮೊರ್ದೆಖಾಯ್ ಕಪ್ಲಾನ್ ಮಿಟ್ಸ್ವಾಗಳು ಒಂದು ಜನಾಂಗದ ಜೀವನಪದ್ಧತಿ ಎಂದರು. ಊಟದ ನಿಯಮ ಉಳಿಯಿತು, ಆಜ್ಞೆ ಕೊಡುವ ದೇವರು ಹೋದ. ನಿಮ್ಮ ಸಹೋದ್ಯೋಗಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಕಪ್ಲಾನ್‌ಗೆ ಹತ್ತಿರ. ಅವರು ಒಂಟಿಯೇನಲ್ಲ. ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ ಯಹೂದಿಗಳಲ್ಲಿ ಬೈಬಲಿನ ದೇವರನ್ನು ನಂಬುತ್ತೇವೆ ಎಂದವರು 26%. ಪಾಸ್ಕ ಹಬ್ಬದ ಊಟಕ್ಕೆ ಕೂತವರು 62%.

ಒಬ್ಬರ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಯೆಶಾಯಾಹು ಲೈಬೊವಿಟ್ಜ್. 1903ರಲ್ಲಿ ರೀಗಾದಲ್ಲಿ ಹುಟ್ಟಿದವರು, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರು, ಕಟ್ಟುನಿಟ್ಟಾಗಿ ಮಿಟ್ಸ್ವಾ ಪಾಲಿಸುತ್ತಿದ್ದವರು. ಅವರು ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು. ನಂಬಿಕೆ ಇದ್ದದ್ದರಿಂದ ಮಿಟ್ಸ್ವಾ ಪಾಲಿಸುತ್ತೇನೆ ಅಲ್ಲ. ಮಿಟ್ಸ್ವಾದ ನೊಗ ಹೊರಲು ನಿರ್ಧಾರ ಮಾಡುವುದಕ್ಕೇ ನಂಬಿಕೆ ಎಂದು ಹೆಸರು. ಅದರಾಚೆ ದೇವರ ಬಗ್ಗೆ ಹೇಳುವುದೆಲ್ಲ ಸುಮ್ನೆ ಮಾತು. ದೇವರಿಂದ ನನಗೇನು ಸಿಗುತ್ತದೆ ಎಂದು ಪ್ರಾರ್ಥನೆ ಮಾಡುವವನು ತನ್ನನ್ನೇ ಪೂಜಿಸಿಕೊಳ್ಳುತ್ತಿದ್ದಾನೆ. ಶೆಮಾದ ಎರಡು ಭಾಗಗಳನ್ನು ಹೇಳಿದೆನಲ್ಲ, ಮೊದಲನೆಯದರಲ್ಲಿ ಮಳೆಯ ಮಾತೇ ಇಲ್ಲ ಎಂದು ಅವರು ಒತ್ತಿ ಹೇಳುತ್ತಿದ್ದರು. ಹಕ್ಕಿಗೂಡಿನ ಹುಡುಗ ಬಿದ್ದು ಸತ್ತದ್ದು ಇಂಥ ನಂಬಿಕೆಯನ್ನು ಅಲುಗಿಸಲಾರದು, ಯಾಕೆಂದರೆ ಅದು ಏನನ್ನೂ ಕೇಳಿರಲೇ ಇಲ್ಲ. ಇದನ್ನು ಮೆಚ್ಚುತ್ತೇನೆ, ಆದರೆ ಇದರ ಜೊತೆ ಬದುಕುವುದು ನನ್ನಿಂದ ಆಗದು. ಮಗು ಜ್ವರದಲ್ಲಿ ಮಲಗಿದ್ದಾಗ ಪ್ರಾರ್ಥಿಸುವ ತಾಯಿಗೆ ‘ನಿನ್ನದು ಪ್ರಾರ್ಥನೆಯಲ್ಲ’ ಎಂದು ಹೇಳುವ ಧರ್ಮ ತುಂಬ ಶುದ್ಧ, ತುಂಬ ತಣ್ಣಗೆ.

ಇದಕ್ಕೆ ವಿರುದ್ಧ ತುದಿಯಲ್ಲಿ, ನಮ್ಮ ಕರಾವಳಿಯ ಉತ್ತರಕ್ಕೆ, ಕೊಂಕಣದಲ್ಲಿ ಒಂದು ಉದಾಹರಣೆ ಇದೆ. ಬೆನೆ ಇಸ್ರಾಯೇಲ್ ಎಂಬ ಯಹೂದಿ ಸಮುದಾಯ. ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಸುತ್ತಲಿನವರು ಅವರನ್ನು ‘ಶನಿವಾರ್ ತೇಲಿ’ ಎಂದು ಕರೆದರು. ಶತಮಾನಗಳು ಕಳೆದು ಅವರಲ್ಲಿ ಹೀಬ್ರೂ ಹೋಗಿತ್ತು, ತೋರಾದ ಸುರುಳಿ ಇರಲಿಲ್ಲ, ತಾಲ್ಮುದ್‌ನ ಹೆಸರೂ ಗೊತ್ತಿರಲಿಲ್ಲ. ಉಳಿದದ್ದು ಎಂಟನೆಯ ದಿನದ ಸುನ್ನತಿ, ಶನಿವಾರದ ಬಿಡುವು, ಊಟದ ಕೆಲವು ನಿಯಮ, ಮತ್ತು ಒಂದೇ ಒಂದು ಪ್ರಾರ್ಥನೆ, ಶೆಮಾ. ದಾವೀದ್ ರಹಾಬಿ ಎಂಬ ಯಹೂದಿ ಅಲ್ಲಿಗೆ ಬಂದು, ಇವರು ಯಾರೆಂದು ಪರೀಕ್ಷಿಸಲು ಹೆಂಗಸರಿಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ರೆಕ್ಕೆ ಮತ್ತು ಪೊರೆ ಇಲ್ಲದ ಮೀನುಗಳನ್ನು ಅವರು ಆರಿಸಿ ಬದಿಗಿಟ್ಟರಂತೆ. ಐತಿಹ್ಯ ಇದು. ಅವನು ಯಾವ ಕಾಲದವನು ಎಂಬುದರಲ್ಲಿ ಒಮ್ಮತವಿಲ್ಲ. ಆದರೆ ನೋಡಿ, ಅವನು ‘ದೇವರನ್ನು ನಂಬುತ್ತೀರಾ’ ಎಂದು ಕೇಳಲಿಲ್ಲ. ಮೀನು ಕೊಟ್ಟ. ಇನ್ನೂ ಒಂದು ನೋಡಿ, ಎಲ್ಲ ಕಳೆದುಕೊಂಡ ಆ ಜನ ಬರೀ ನಿಯಮಗಳನ್ನು ಉಳಿಸಿಕೊಳ್ಳಲಿಲ್ಲ. ದೇವರು ಒಬ್ಬನೇ ಎನ್ನುವ ಒಂದು ವಾಕ್ಯವನ್ನೂ ಅದರ ಜೊತೆಯಲ್ಲೇ ಉಳಿಸಿಕೊಂಡರು. ನಖ್ಮನಿಡೀಸ್ ಹೇಳಿದ ರಾಜ ಮತ್ತು ಕಟ್ಟಳೆ, ಎರಡೂ ಚೂರು ಚೂರಾಗಿಯಾದರೂ ಉಳಿದವು.

ಹಾಗಾಗಿ ನೇರ ಉತ್ತರ ಬೇಕೆಂದರೆ ಇಷ್ಟು ಹೇಳಬಲ್ಲೆ. ಸಂಪ್ರದಾಯದ ಕಣ್ಣಿನಲ್ಲಿ ನಂಬಿಕೆ ಬೇಕು. ಆದರೆ ನಂಬಿಕೆ ಬಂದ ಮೇಲೆ ಮಾಡು ಎಂದು ಕಾಯುವ ಪದ್ಧತಿ ಇಲ್ಲ. ನಿಮ್ಮ ಸಹೋದ್ಯೋಗಿಯಂಥವರನ್ನು ಹೊರಗೆ ಹಾಕುವುದೂ ಇಲ್ಲ. ಅಷ್ಟು ಖಾರವಾಗಿ ಬರೆದ ಮೈಮೊನಿಡೀಸ್ ಕೂಡ, ತಪ್ಪು ಅಭಿಪ್ರಾಯದ ಮನೆಯಲ್ಲೇ ಹುಟ್ಟಿ ಬೆಳೆದವರು ಹೊರಗಿನವರ ಕೈಗೆ ಸೆರೆಸಿಕ್ಕಿ ಅವರಲ್ಲೇ ಬೆಳೆದ ಮಗುವಿನ ಹಾಗೆ, ಅವರ ಮೇಲೆ ತಪ್ಪು ಹೊರಿಸದೆ ಸಮಾಧಾನದ ಮಾತಿನಿಂದ ಹತ್ತಿರ ತರಬೇಕು ಎಂದಿದ್ದಾರೆ. ಮುಂದಿನ ರಬ್ಬಿಗಳು ಆ ಮಾತನ್ನು ಇಂದಿನ ನಾಸ್ತಿಕ ಯಹೂದಿಗಳಿಗೂ ಹಿಗ್ಗಿಸಿಕೊಂಡರು. ನಿಮ್ಮ ಸಹೋದ್ಯೋಗಿಗೆ ‘ನೀವು ಸೆರೆಸಿಕ್ಕ ಮಗು’ ಎಂದು ಹೇಳಲು ಮಾತ್ರ ಹೋಗಬೇಡಿ. ಖಂಡಿತ ಬೇಜಾರು ಮಾಡಿಕೊಳ್ಳುತ್ತಾರೆ.

ಅವರು ಮತ್ತೆ ಬಂದಾಗ ಮನೆಗೆ ಊಟಕ್ಕೆ ಕರೆಯುವ ಯೋಚನೆ ಇದ್ದರೆ ಒಂದು ಮಾತು. ನಮ್ಮ ಸಸ್ಯಾಹಾರಿ ಊಟವಾದರೆ ಮಾಂಸ ಮತ್ತು ಹಾಲಿನ ತೊಂದರೆ ಬರುವುದಿಲ್ಲ, ಅನ್ನ ಸಾರಿನ ಮೇಲೆ ಮೊಸರನ್ನೂ ಧಾರಾಳವಾಗಿ ಬಡಿಸಬಹುದು. ಆದರೆ ಕಟ್ಟುನಿಟ್ಟಿನವರು ಪಾತ್ರೆಯ ಬಗ್ಗೆಯೂ ಕೇಳುತ್ತಾರೆ, ಸೊಪ್ಪಿನಲ್ಲಿ ಹುಳ ನೋಡಿದ್ದೀರಾ ಎಂದೂ ಕೇಳುತ್ತಾರೆ. ಇವರು ಎಷ್ಟು ನೋಡುತ್ತಾರೋ, ಮೊದಲೇ ಫೋನ್ ಮಾಡಿ ಕೇಳಿಬಿಡಿ. ಶನಿವಾರ ಬೇಡ.